ಹೋದ ವರ್ಷ ಹಾಕಿಸಿಯಾಗಿದೆಯಲ್ಲ!

ವೈದ್ಯಕೀಯ ವಿಷಯವಾಗಿ ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲ. ನಾನು ಓದಿದ್ದು ವಾಣಿಜ್ಯಶಾಸ್ತ್ರ. ಇಪ್ಪತ್ತು ವರ್ಷಗಳಿಂದ ಮಾಡುತ್ತಿರುವುದು ಬ್ಯಾಂಕಿನ ಚಾಕರಿ. ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಪ್ರತಿವರ್ಷವೂ ನುರಿತ ವೈದ್ಯರ ಲೇಖನಗಳು ಪ್ರಕಟವಾಗುತ್ತವೆ. ಅವುಗಳ ನಡುವೆ ಈ ಬರಹಕ್ಕೆ ಸ್ಥಳ ಬೇಡಿದ್ದಕ್ಕೆ ಕಾರಣ ಒಂದೇ. ನನ್ನ ಅಲ್ಪ ತಿಳಿವಳಿಕೆಯಿಂದ ನಮ್ಮ ಮನೆಯಲ್ಲಿ ಒಂದು ತಪ್ಪು ನಡೆಯಿತು. ಅದೇ ತಪ್ಪು ಇಲ್ಲಿಯ ಅನೇಕ ಕನ್ನಡಿಗರ ಮನೆಗಳಲ್ಲಿ ಇಂದಿಗೂ ನಡೆಯುತ್ತಿರುವುದನ್ನು ಕಾಣುತ್ತಿದ್ದೇನೆ. ಆದುದರಿಂದ ವಾಚಕರು ಇದನ್ನು ಒಬ್ಬ ಗೃಹಸ್ಥನ ಅಭಿಪ್ರಾಯವೆಂದು ಮಾತ್ರ ಭಾವಿಸಬೇಕೆಂದು ವಿನಂತಿಸುತ್ತೇನೆ.

ಬ್ಯಾಂಕಿನಲ್ಲಿ ನನ್ನ ಮೇಜಿನೆದುರು ದಿನವೂ ನಡೆಯುವ ಒಂದು ಜಗಳವಿದೆ. ಗ್ರಾಹಕರು ಕಾಲಕಾಲಕ್ಕೆ ತಮ್ಮ ಗುರುತಿನ ದಾಖಲೆಗಳನ್ನು ಹೊಸದಾಗಿ ಒದಗಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕೆ.ವೈ.ಸಿ. ಎಂಬ ಮೂರಕ್ಷರ ಈಗ ಎಲ್ಲರಿಗೂ ಪರಿಚಿತ. ಅಪಾಯ ಕಡಮೆಯಿರುವ ಖಾತೆಗಳಿಗೆ ಹತ್ತು ವರ್ಷಕ್ಕೊಮ್ಮೆ, ನಡುತರದವುಗಳಿಗೆ ಎಂಟು ವರ್ಷಕ್ಕೊಮ್ಮೆ, ಅಪಾಯ ಹೆಚ್ಚಿರುವವುಗಳಿಗೆ ಎರಡು ವರ್ಷಕ್ಕೊಮ್ಮೆ. “ಹೋದ ಸಲವೇ ಕೊಟ್ಟಿದ್ದೇನಲ್ಲ ಸಾಹೇಬರೆ, ನಾನೇನು ಬೇರೆ ಮನುಷ್ಯನಾದೆನೆ?” ಎಂದು ಹಿರಿಯರು ಕೋಪಿಸಿಕೊಳ್ಳುತ್ತಾರೆ. ಮನುಷ್ಯ ಬದಲಾಗದಿದ್ದರೂ ಮುಖ, ವಿಳಾಸ, ಸಹಿ ಬದಲಾಗುತ್ತವೆ. ಹಳೆಯ ಚಿತ್ರವನ್ನು ಇಟ್ಟುಕೊಂಡು ಕುಳಿತರೆ ಮೋಸಗಾರನನ್ನು ಹಿಡಿಯಲಾಗದು ಎಂದು ನಾನು ತಾಳ್ಮೆಯಿಂದ ವಿವರಿಸುತ್ತೇನೆ.

ಇಷ್ಟು ಬಲ್ಲ ನಾನು ಎರಡು ವರ್ಷಗಳ ಹಿಂದೆ ನನ್ನ ತಂದೆಯವರಿಗೆ ಹೇಳಿದ್ದೇನು? ಗದುಗಿನಲ್ಲಿ ಶಿಕ್ಷಕರಾಗಿ ನಿವೃತ್ತರಾದ ಅವರು ನಮ್ಮೊಡನೆ ಪುಣೆಯಲ್ಲಿದ್ದಾರೆ. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ, ಮಧುಮೇಹವೂ ಇದೆ. ಮೇ ತಿಂಗಳಲ್ಲಿ ನಮ್ಮ ಕುಟುಂಬದ ವೈದ್ಯರು ಮಳೆಗಾಲಕ್ಕೆ ಮುನ್ನ ಇನ್‌ಫ್ಲುಯೆಂಜಾ ಲಸಿಕೆ ಹಾಕಿಸಬೇಕೆಂದು ಚೀಟಿ ಬರೆದುಕೊಟ್ಟಿದ್ದರು. ಅಪ್ಪ ಆ ಚೀಟಿಯನ್ನು ನನ್ನ ಮುಂದಿಟ್ಟಾಗ, “ಹೋದ ವರ್ಷ ಹಾಕಿಸ್ಯಾಗೇದಲ್ಲ ಅಪ್ಪಾ, ವರ್ಷಾ ವರ್ಷಾ ಅದನ್ನ ಎದಕ್ಕ? ಕಂಪನಿಯವರ ವ್ಯಾಪಾರ ಅದು” ಎಂದುಬಿಟ್ಟೆ. ಅವರು ಮರುಮಾತಾಡದೆ ಚೀಟಿಯನ್ನು ಪಂಚಾಂಗದೊಳಗೆ ಇಟ್ಟರು. ಆಗಸ್ಟ್ ತಿಂಗಳಲ್ಲಿ ಜ್ವರ ಬಂತು. ನೆಗಡಿಯೆಂದು ಭಾವಿಸಿ ನಾಲ್ಕು ದಿನ ಮೆಣಸು ಜೀರಿಗೆಯ ಕಷಾಯ ಕುಡಿಸಿದೆವು. ಐದನೆಯ ದಿನ ಉಸಿರಾಟ ಕಷ್ಟವಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಹನ್ನೊಂದು ದಿನ ಅಲ್ಲಿದ್ದರು. ಪರೀಕ್ಷೆಯಲ್ಲಿ ತಿಳಿದದ್ದು ಇನ್‌ಫ್ಲುಯೆಂಜಾ. ದೇವರ ದಯೆಯಿಂದ ಉಳಿದುಕೊಂಡರು. ಆದರೆ ಸಂಘದ ಗ್ರಂಥಾಲಯಕ್ಕೆ ದಿನವೂ ನಡೆದು ಬರುತ್ತಿದ್ದವರು ಈಗ ಆ ಮೆಟ್ಟಿಲುಗಳನ್ನು ಹತ್ತಲಾರರು.

ಲಸಿಕೆ ಹಾಕಿಸಿದ್ದರೆ ಈ ಜ್ವರ ಬರುತ್ತಲೇ ಇರಲಿಲ್ಲವೆಂದು ಹೇಳುವಂತಿಲ್ಲ. ಆದರೆ “ಒಮ್ಮೆ ಹಾಕಿಸಿದ ಮೇಲೆ ಮತ್ತೇಕೆ?” ಎಂಬ ನನ್ನ ಪ್ರಶ್ನೆಗೆ ಸರಿಯಾದ ಉತ್ತರವಿತ್ತು, ನಾನು ಅದನ್ನು ಹುಡುಕಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಓದಲಾರಂಭಿಸಿದೆ. ಮನೆಗೆ ಬಂದ ಮೇಲೂ ಓದು ನಿಲ್ಲಲಿಲ್ಲ. ತಿಳಿದದ್ದನ್ನು ನನ್ನ ಭಾಷೆಯಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಇನ್‌ಫ್ಲುಯೆಂಜಾ ವೈರಸ್ಸು ಅತ್ಯಂತ ಸೂಕ್ಷ್ಮವಾದುದು. ಅದರ ಅಡ್ಡಳತೆ ಸುಮಾರು ನೂರು ನ್ಯಾನೊಮೀಟರು. ಹತ್ತು ಸಾವಿರ ವೈರಸ್ಸುಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರು ಉದ್ದವಾಗುತ್ತದೆ. ಅದರ ಒಳಗೆ ವಂಶವಾಹಿಗಳನ್ನು ಹೊತ್ತ ಆರ್‌ಎನ್‌ಎಯ ಎಂಟು ತುಣುಕುಗಳಿವೆ. ಹೊರಗೆ ಕೊಬ್ಬಿನ ಒಂದು ತೆಳುವಾದ ಹೊದಿಕೆಯಿದೆ. ಈ ಹೊದಿಕೆ ವೈರಸ್ಸಿನ ಸ್ವಂತ ಆಸ್ತಿಯಲ್ಲ. ನಮ್ಮ ಕೋಶದಿಂದ ಹೊರಬೀಳುವಾಗ ಕೋಶದ ಪೊರೆಯನ್ನೇ ಕತ್ತರಿಸಿ ಹೊದ್ದುಕೊಂಡು ಬಂದದ್ದು. ದಡಾರ, ಡೆಂಗೀ, ಕೊರೋನಾ, ನಮ್ಮ ಮಲೆನಾಡಿನ ಮಂಗನ ಕಾಯಿಲೆ ಇವುಗಳ ವೈರಸ್ಸುಗಳೂ ಇಂತಹ ಹೊದಿಕೆಯುಳ್ಳವೇ. ಪೋಲಿಯೊ ವೈರಸ್ಸಿಗೆ ಹೊದಿಕೆಯಿಲ್ಲ. ಸೋಪು ಹಚ್ಚಿ ಕೈ ತೊಳೆಯುವುದರ ಮರ್ಮವೂ ಇಲ್ಲಿದೆ. ಜಿಡ್ಡಿನ ಪಾತ್ರೆಯಿಂದ ಎಣ್ಣೆಯನ್ನು ಬಿಡಿಸುವಂತೆ ಸೋಪು ಈ ಕೊಬ್ಬಿನ ಹೊದಿಕೆಯನ್ನು ಒಡೆದುಬಿಡುತ್ತದೆ. ಹೊದಿಕೆ ಹೋದ ವೈರಸ್ಸು ಸೋಂಕು ತರಲಾರದು.

ಹೊದಿಕೆಯ ಮೇಲೆ ಕದಂಬದ ಹೂವಿನ ಕೇಸರಗಳಂತೆ ಸುತ್ತಲೂ ನೂರಾರು ಮುಳ್ಳುಗಳು ಎದ್ದುನಿಂತಿರುತ್ತವೆ. ಇವು ಪ್ರೋಟೀನಿನಿಂದಾದವು. ಇವುಗಳಲ್ಲಿ ಎರಡು ಜಾತಿ. ಸಂಖ್ಯೆಯಲ್ಲಿ ಹೆಚ್ಚಾಗಿರುವುದು ಹೀಮಗ್ಲುಟಿನಿನ್, ಕಡಮೆಯಿರುವುದು ನ್ಯೂರಮಿನಿಡೇಸ್. ಪತ್ರಿಕೆಗಳಲ್ಲಿ ನಾವು ಕಾಣುವ ‘ಎಚ್ 1 ಎನ್ 1’ ಎಂಬ ಹೆಸರಿನ ಎಚ್ ಮತ್ತು ಎನ್ ಇವೇ. ಈ ವೈರಸ್ಸು ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿ ಗಡ್ಡೆಗಟ್ಟಿಸುವುದನ್ನು ಅಮೆರಿಕದ ಜಾರ್ಜ್ ಹರ್ಸ್ಟ್ 1941ರಲ್ಲಿ ಗುರುತಿಸಿದರು. ರಕ್ತವನ್ನು ಅಂಟಿಸುವುದೆಂಬ ಅರ್ಥದಲ್ಲಿಯೇ ಮೊದಲನೆಯದಕ್ಕೆ ಹೀಮಗ್ಲುಟಿನಿನ್ ಎಂಬ ಹೆಸರು ಬಂದಿದೆ. ಅದರ ಸಂಪೂರ್ಣ ಆಕಾರವನ್ನು ಇಯನ್ ವಿಲ್ಸನ್, ಜಾನ್ ಸ್ಕೆಹೆಲ್ ಮತ್ತು ಡಾನ್ ವೈಲಿ ಎಂಬ ವಿಜ್ಞಾನಿಗಳು 1981ರಲ್ಲಿ ಲೋಕಕ್ಕೆ ತೋರಿಸಿಕೊಟ್ಟರು. ಒಂದೇ ಬಗೆಯ ಮೂರು ಎಳೆಗಳು ಹೆಣೆದುಕೊಂಡು ಒಂದು ಕಾಂಡವಾಗಿ, ಅದರ ತುದಿಯಲ್ಲಿ ಮೂರು ಉಂಡೆಗಳಂಥ ತಲೆಯಿರುವ ರಚನೆ ಅದು. ಪ್ರತಿ ಉಂಡೆಯಲ್ಲಿಯೂ ಒಂದು ಸಣ್ಣ ಕುಳಿಯಿದೆ.

ಆ ಕುಳಿಯೇ ಅನರ್ಥಕ್ಕೆ ಮೊದಲು. ನಮ್ಮ ಮೂಗು, ಗಂಟಲು, ಶ್ವಾಸನಾಳದ ಕೋಶಗಳ ಮೇಲ್ಮೈಯಲ್ಲಿ ಸಿಯಾಲಿಕ್ ಆಮ್ಲವೆಂಬ ಸಕ್ಕರೆಯ ಜಾತಿಯ ವಸ್ತುವಿರುತ್ತದೆ. ವೈರಸ್ಸು ಹಿಡಿದುಕೊಳ್ಳುವ ಇಂತಹ ತಾಣಕ್ಕೆ ವಿಜ್ಞಾನಗ್ರಂಥಗಳಲ್ಲಿ ‘ಗ್ರಾಹಕ’ ಎನ್ನುತ್ತಾರೆ; ನಮ್ಮ ಬ್ಯಾಂಕಿನ ಗ್ರಾಹಕರು ಬೇಸರಿಸಬಾರದು. ಕುಳಿಯು ಸಿಯಾಲಿಕ್ ಆಮ್ಲವನ್ನು ಕಚ್ಚಿಕೊಂಡೊಡನೆ, ಕೋಶವು ಆ ವೈರಸ್ಸನ್ನು ಒಂದು ಪುಟ್ಟ ಚೀಲದಲ್ಲಿ ಸುತ್ತಿ ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಚೀಲದೊಳಗೆ ಹುಳಿಯ ಅಂಶ ಏರುತ್ತದೆ. ಹುಳಿ ತಾಕುತ್ತಲೇ ಹೀಮಗ್ಲುಟಿನಿನ್ನಿನ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ. ಕಾಂಡದಲ್ಲಿ ಅಡಗಿದ್ದ ಈಟಿಯಂಥ ತುದಿ ಹೊರಬಂದು ಚೀಲದ ಗೋಡೆಯಲ್ಲಿ ನಾಟುತ್ತದೆ. ಆಮೇಲೆ ಪ್ರೋಟೀನು ಬಾಗಿ ಮಡಚಿಕೊಂಡು, ವೈರಸ್ಸಿನ ಹೊದಿಕೆಯನ್ನೂ ಚೀಲದ ಗೋಡೆಯನ್ನೂ ಹತ್ತಿರಕ್ಕೆಳೆದು ಬೆಸೆದುಬಿಡುತ್ತದೆ. ದಾರಿ ತೆರೆಯುತ್ತದೆ; ಎಂಟು ತುಣುಕುಗಳೂ ಕೋಶದೊಳಗೆ ಇಳಿಯುತ್ತವೆ.

ಇದರಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿ ಇನ್ನೊಂದು. ಹೊಸದಾಗಿ ತಯಾರಾದ ಹೀಮಗ್ಲುಟಿನಿನ್ನಿಗೆ ಈ ಶಕ್ತಿ ಇರುವುದಿಲ್ಲ. ನಮ್ಮದೇ ಶರೀರದ ಒಂದು ಕಿಣ್ವ ಅದನ್ನು ನಿಶ್ಚಿತವಾದ ಜಾಗದಲ್ಲಿ ಕತ್ತರಿಸಿ ಕೊಟ್ಟ ಮೇಲೆಯೇ ಅದು ಪೊರೆಗಳನ್ನು ಬೆಸೆಯಬಲ್ಲುದು. ಬ್ಯಾಂಕಿನ ಲಾಕರು ತೆರೆಯಲು ಗ್ರಾಹಕನ ಕೀಲಿಕೈಯ ಜತೆಗೆ ಬ್ಯಾಂಕಿನ ಕೀಲಿಕೈಯೂ ಬೇಕಷ್ಟೆ. ಇಲ್ಲಿ ಕಳ್ಳ ಒಂದು ಕೀಲಿಕೈಯನ್ನು ತರುತ್ತಾನೆ; ಇನ್ನೊಂದನ್ನು ಏನೂ ಅರಿಯದ ನಾವೇ ಒದಗಿಸಿಕೊಡುತ್ತೇವೆ.

ನ್ಯೂರಮಿನಿಡೇಸಿನ ಕೆಲಸ ಇದಕ್ಕೆ ತದ್ವಿರುದ್ಧ. ಕೋಶದಲ್ಲಿ ತಯಾರಾದ ಹೊಸ ವೈರಸ್ಸುಗಳು ಹೊರಬರುವಾಗ ಅದೇ ಸಿಯಾಲಿಕ್ ಆಮ್ಲಕ್ಕೆ ಅಂಟಿಕೊಂಡು ಬಾಗಿಲಲ್ಲಿಯೇ ಸಿಕ್ಕಿಬೀಳಬೇಕಾಗುತ್ತದೆ. ಕತ್ತರಿಯಂತೆ ಕೆಲಸ ಮಾಡುವ ನ್ಯೂರಮಿನಿಡೇಸ್ ಆ ಬಂಧವನ್ನು ತುಂಡರಿಸಿ ಅವುಗಳನ್ನು ಬಿಡುಗಡೆ ಮಾಡುತ್ತದೆ. ಇದರ ರಚನೆ 1983ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳಿಂದ ಬೆಳಕಿಗೆ ಬಂತು. ಆ ಕತ್ತರಿಯ ಬಾಯಿಗೆ ಸರಿಯಾಗಿ ಹೊಂದುವ ವಸ್ತುವನ್ನು ರಚಿಸಿ ತುರುಕಿದರೆ ಅದು ಕತ್ತರಿಸಲಾರದೆಂಬ ಯುಕ್ತಿಯಿಂದಲೇ ಔಷಧಗಳು ಬಂದವು. 2009ರಲ್ಲಿ ಹಂದಿಜ್ವರದ ಕಾಲಕ್ಕೆ ನಾವೆಲ್ಲ ಹೆಸರು ಕೇಳಿದ ಟ್ಯಾಮಿಫ್ಲೂ ಇಂತಹದು. ಜ್ವರ ಆರಂಭವಾದ ನಲವತ್ತೆಂಟು ಗಂಟೆಗಳ ಒಳಗೆ ಕೊಟ್ಟರೆ ಇದರ ಪ್ರಯೋಜನ ಹೆಚ್ಚು. ನಾವು ನಾಲ್ಕು ದಿನಗಳನ್ನು ಕಷಾಯದಲ್ಲಿ ಕಳೆದಿದ್ದೆವು. ಕಷಾಯ ಗಂಟಲಿಗೆ ಹಿತವೇ. ಆದರೆ ಅದರ ಭರವಸೆಯಲ್ಲಿ ವೈದ್ಯರ ಬಳಿಗೆ ಹೋಗಲು ತಡಮಾಡಿದ್ದು ನನ್ನ ಎರಡನೆಯ ತಪ್ಪು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಶರೀರದ ಕಾವಲುಗಾರರು ವೈರಸ್ಸನ್ನು ಗುರುತಿಸುವುದು ಮುಖ್ಯವಾಗಿ ಈ ಮುಳ್ಳುಗಳಿಂದ. ಅದರಲ್ಲಿಯೂ ಹೀಮಗ್ಲುಟಿನಿನ್ನಿನ ತಲೆಯಿಂದ. ಲಸಿಕೆಯು ಆ ತಲೆಯ ಮಾದರಿಯನ್ನು ಮೊದಲೇ ತೋರಿಸಿಕೊಡುತ್ತದೆ. ಶರೀರ ಅದಕ್ಕೆ ಹೊಂದುವ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ಪ್ರತಿಕಾಯಗಳು ತಲೆಗೆ ಅಂಟಿ ಕುಳಿಯನ್ನು ಮರೆಮಾಡಿದರೆ ವೈರಸ್ಸು ಕೋಶವನ್ನು ಹಿಡಿಯಲಾರದು. ನಮ್ಮಲ್ಲಿ ಗುಮಾಸ್ತರು ಮಾದರಿ ಸಹಿಯೊಡನೆ ಚೆಕ್ಕಿನ ಸಹಿಯನ್ನು ತಾಳೆ ನೋಡುವುದೂ ಹೀಗೆಯೇ. ಆದರೆ ಇನ್‌ಫ್ಲುಯೆಂಜಾ ವೈರಸ್ಸು ತನ್ನ ವಂಶವಾಹಿಗಳನ್ನು ನಕಲು ಮಾಡುವಾಗ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ತಾಳೆ ನೋಡದೆ ನಕಲಿಳಿಸುವ ಬರವಣಿಗೆಗಾರನಂತೆ ಅದು ಪ್ರತಿ ಪೀಳಿಗೆಯಲ್ಲಿಯೂ ತಪ್ಪು ಮಾಡುತ್ತದೆ. ಆ ತಪ್ಪುಗಳಲ್ಲಿ ಕೆಲವು ಹೀಮಗ್ಲುಟಿನಿನ್ನಿನ ತಲೆಯ ಹೊರಮೈಯನ್ನು ಬದಲಿಸುತ್ತವೆ. ಕುಳಿಯ ಒಳಭಾಗ ಹೆಚ್ಚು ಬದಲಾಗುವಂತಿಲ್ಲ. ಬದಲಾದರೆ ಸಿಯಾಲಿಕ್ ಆಮ್ಲ ಹಿಡಿತಕ್ಕೆ ಸಿಗದು. ಕುಳಿಯ ಸುತ್ತಲಿನ ಅಂಚು ಮಾತ್ರ ವರ್ಷದಿಂದ ವರ್ಷಕ್ಕೆ ಬೇರೆಯಾಗುತ್ತ ಹೋಗುತ್ತದೆ. ಕೀಲಿಕೈ ಅದೇ, ಕಳ್ಳನ ಮುಖ ಮಾತ್ರ ಹೊಸದು. ಇದರೊಡನೆ, ಹಿಂದಿನ ಲಸಿಕೆಯಿಂದ ಬಂದ ಪ್ರತಿಕಾಯಗಳೂ ತಿಂಗಳುಗಳು ಕಳೆದಂತೆ ಇಳಿಮುಖವಾಗುತ್ತವೆ.

ಎಂದೋ ಒಮ್ಮೆ ಪಕ್ಷಿ ಅಥವಾ ಹಂದಿಗಳ ವೈರಸ್ಸಿನ ತುಣುಕುಗಳು ಬೆರೆತು ತಲೆಯೇ ಪೂರ್ತಿ ಹೊಸದಾಗುವುದೂ ಉಂಟು. 1957, 1968 ಮತ್ತು 2009ರ ಮಹಾಪಿಡುಗುಗಳು ಹೀಗೆ ಹುಟ್ಟಿದವು. ಅದಕ್ಕೂ ಹಿಂದೆ, 1918ರಲ್ಲಿ ಮುಂಬಯಿ ಬಂದರಿನ ಕಡೆಯಿಂದ ಹರಡಿದ ಜ್ವರ ಭಾರತದಲ್ಲಿ ಒಂದು ಕೋಟಿಗೂ ಮೇಲ್ಪಟ್ಟು ಜನರನ್ನು ಬಲಿ ತೆಗೆದುಕೊಂಡಿತು. 2009ರ ಆಗಸ್ಟ್ ತಿಂಗಳಲ್ಲಿ ಹಂದಿಜ್ವರದಿಂದ ದೇಶದ ಮೊದಲ ಸಾವು ಸಂಭವಿಸಿದ್ದು ನಮ್ಮ ಈ ಪುಣೆ ನಗರದಲ್ಲಿಯೇ.

ಹಾಗಾದರೆ ದಡಾರದ ಲಸಿಕೆಯನ್ನು ಬಾಲ್ಯದಲ್ಲಿ ಹಾಕಿಸಿದರೆ ಸಾಕಾಗುವುದೇಕೆ? ದಡಾರದ ವೈರಸ್ಸಿಗೂ ಹೊದಿಕೆಯಿದೆ, ಮುಳ್ಳುಗಳಿವೆ. ನಕಲಿನಲ್ಲಿ ಅದೂ ತಪ್ಪು ಮಾಡುತ್ತದೆ. ಆದರೆ ಅದರ ಮುಳ್ಳುಗಳು ಆಕಾರದ ಬದಲಾವಣೆಯನ್ನು ಸಹಿಸಲಾರವು. ಬದಲಾದರೆ ಅವುಗಳ ಕೆಲಸವೇ ಕೆಡುತ್ತದೆ. ಆದುದರಿಂದಲೇ 1954ರಲ್ಲಿ ಅಮೆರಿಕದ ಒಬ್ಬ ಬಾಲಕನಿಂದ ಬೇರ್ಪಡಿಸಿದ ದಡಾರದ ತಳಿಯಿಂದ ಬಂದ ಲಸಿಕೆ ಇಂದಿನ ಮಕ್ಕಳನ್ನೂ ಕಾಪಾಡುತ್ತಿದೆ. ಒಂದು ಹತ್ತು ವರ್ಷದ ಖಾತೆ, ಇನ್ನೊಂದು ಎರಡು ವರ್ಷದ ಖಾತೆ ಎನ್ನಬಹುದು. ಒಂದು ಲಸಿಕೆ ಬಹುಕಾಲ ಉಳಿಯುತ್ತದೆ, ಇನ್ನೊಂದು ಉಳಿಯುವುದಿಲ್ಲವೆಂದು ಎರಡನೆಯದನ್ನು ನಿಷ್ಪ್ರಯೋಜಕವೆನ್ನುವುದು ಸರಿಯಲ್ಲ. ವ್ಯತ್ಯಾಸವಿರುವುದು ಬಹುಮಟ್ಟಿಗೆ ವೈರಸ್ಸಿನ ಮುಖದಲ್ಲಿ.

ಈ ಮುಖಗಳ ಮೇಲೆ ಕಣ್ಣಿಡಲು 1952ರಿಂದಲೂ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ನಾನಾ ದೇಶಗಳ ಪ್ರಯೋಗಾಲಯಗಳ ಒಂದು ಜಾಲವಿದೆ. ಅವು ಕಳುಹಿಸುವ ಮಾದರಿಗಳನ್ನು ಪರಿಶೀಲಿಸಿ ವರ್ಷಕ್ಕೆ ಎರಡು ಬಾರಿ, ಫೆಬ್ರವರಿ ಮತ್ತು ಸೆಪ್ಟೆಂಬರುಗಳಲ್ಲಿ, ಮುಂದಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಸಂಸ್ಥೆ ಸೂಚಿಸುತ್ತದೆ. 2020ರ ಮಾರ್ಚಿನ ನಂತರ ‘ಬಿ ಯಮಗಾಟ’ ಎಂಬ ಒಂದು ವಂಶ ಎಲ್ಲಿಯೂ ಖಚಿತವಾಗಿ ಕಾಣಿಸಿಕೊಳ್ಳದಿದ್ದುದರಿಂದ, ಅದನ್ನು ಲಸಿಕೆಯಲ್ಲಿ ಸೇರಿಸುವ ಅಗತ್ಯವಿಲ್ಲವೆಂದು 2023ರಲ್ಲಿ ಹೇಳಿತು. ಸೇರಿಸುವುದಷ್ಟೇ ಅಲ್ಲ, ಬೇಡವಾದುದನ್ನು ತೆಗೆಯುವ ಲೆಕ್ಕವೂ ಅಲ್ಲಿದೆ. ಈ ಜಾಲದ ಭಾರತೀಯ ಕೇಂದ್ರ ಬೇರೆಲ್ಲಿಯೂ ಅಲ್ಲ, ನಾವು ಹಾದುಹೋಗುವ ಡಾ. ಅಂಬೇಡ್ಕರ್ ರಸ್ತೆಯಲ್ಲಿರುವ ರಾಷ್ಟ್ರೀಯ ವೈರಾಣು ಸಂಸ್ಥೆ. 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರವೆಂಬ ಹೆಸರಿನಿಂದ ಆರಂಭವಾದ ಈ ಸಂಸ್ಥೆಯವರೇ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳುತ್ತಿದ್ದಾಗ ಅಲ್ಲಿಗೆ ಹೋಗಿ ಆ ಕಾಯಿಲೆಯ ವೈರಸ್ಸನ್ನು ಗುರುತಿಸಿದರು. ನಮ್ಮ ನಾಡಿಗೂ ಈ ಊರಿಗೂ ಇರುವ ಇಂತಹ ನಂಟನ್ನು ನಾವು ಮರೆಯಬಾರದು.

ಆಕ್ಷೇಪಗಳನ್ನೂ ನ್ಯಾಯವಾಗಿ ನೋಡಬೇಕು. ಕಂಪನಿಗಳಿಗೆ ಲಾಭವಿಲ್ಲವೆ? ಇದೆ. ಆದರೆ ತಳಿಗಳನ್ನು ಆರಿಸುವವರು ಕಂಪನಿಯವರಲ್ಲ. ಲಸಿಕೆ ಪೂರ್ಣ ರಕ್ಷಣೆ ಕೊಡುತ್ತದೆಯೆ? ಇಲ್ಲ. ತಳಿಗಳು ಚೆನ್ನಾಗಿ ಹೊಂದಿಕೊಂಡ ವರ್ಷಗಳಲ್ಲಿ ವೈದ್ಯರ ಬಳಿ ಹೋಗಬೇಕಾಗುವಂತಹ ಇನ್‌ಫ್ಲುಯೆಂಜಾದ ಸಂಭವವನ್ನು ಶೇಕಡಾ 40ರಿಂದ 60ರಷ್ಟು ಕಡಮೆ ಮಾಡುತ್ತದೆ. ಹೊಂದದ ವರ್ಷಗಳಲ್ಲಿ ಅಷ್ಟೂ ಇಲ್ಲ. ವೃದ್ಧರಲ್ಲಿ ಫಲ ಇನ್ನೂ ಕಡಮೆಯಾಗಬಹುದು. ಆದರೂ ಅರ್ಧದಷ್ಟು ಅಪಾಯ ತಗ್ಗುವುದಾದರೆ ಅದನ್ನು ಬೇಡವೆನ್ನುವ ಸಾಲಗಾರನನ್ನಾಗಲಿ ಸಾಹುಕಾರನನ್ನಾಗಲಿ ನಾನು ಕಂಡಿಲ್ಲ. ಮತ್ತೊಂದು ಆಕ್ಷೇಪ ಸೂಕ್ಷ್ಮವಾದುದು. ಈ ಲಸಿಕೆಗಳ ವೈರಸ್ಸನ್ನು ಸಾಮಾನ್ಯವಾಗಿ ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ನಮ್ಮ ಸಮಾಜದ ಹಲವು ಹಿರಿಯರಿಗೆ ಇದು ಸಂಕೋಚದ ಸಂಗತಿ. ಅದನ್ನು ಮುಚ್ಚಿಟ್ಟು ಸೂಜಿ ಹಾಕಿಸುವುದು ಸಭ್ಯತೆಯಲ್ಲ. ನಾನು ಇದನ್ನು ತಂದೆಯವರಿಗೆ ತಿಳಿಸಿದಾಗ ಜನ್ಮದಲ್ಲಿ ಮೊಟ್ಟೆ ಮುಟ್ಟದ ಅವರು, “ಔಷಧಕ್ಕ ಎಂಥಾ ಮಡೀನೋ” ಎಂದು ನಕ್ಕುಬಿಟ್ಟರು. ಎಲ್ಲರೂ ಹಾಗೆನ್ನಬೇಕಿಲ್ಲ, ತಿಳಿದು ನಿರ್ಧರಿಸುವ ಹಕ್ಕು ಅವರವರದು.

ಹೀಗಿರುವುದರಿಂದ ಸಂಘದ ಮುಂದೆ ನನ್ನದೊಂದು ಸೂಚನೆ. ನಾವು ರಾಜ್ಯೋತ್ಸವ ಮಾಡುತ್ತೇವೆ, ದಾಸರ ಪದಗಳ ಸ್ಪರ್ಧೆ ನಡೆಸುತ್ತೇವೆ, ಮಕ್ಕಳಿಗೆ ಕನ್ನಡ ತರಗತಿಗಳಿವೆ. ಇವಕ್ಕೆಲ್ಲ ಮೊದಲ ಸಾಲಿನಲ್ಲಿ ಬಂದು ಕೂಡುವವರು ನಮ್ಮ ತಂದೆತಾಯಿಗಳು. ಊರಿನಲ್ಲಿದ್ದರೆ ಅವರ ಕೆಮ್ಮನ್ನು ಕೇಳಿ ಪಕ್ಕದ ಮನೆಯವರು ಓಡಿಬರುತ್ತಿದ್ದರು. ಇಲ್ಲಿ ಮಗ ಸೊಸೆ ಕಚೇರಿಗೆ ಹೋದ ಮೇಲೆ ಮುಚ್ಚಿದ ಬಾಗಿಲ ಹಿಂದೆ ಕೆಮ್ಮುತ್ತ ಕುಳಿತವರನ್ನು ಕೇಳುವವರಿಲ್ಲ. ಅನೇಕರಿಗೆ ಇಲ್ಲಿಯ ಭಾಷೆಯಲ್ಲಿ ವೈದ್ಯರೊಡನೆ ಮಾತಾಡುವುದೂ ಕಷ್ಟ. ಆದುದರಿಂದ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, ನಮ್ಮ ಸದಸ್ಯ ವೈದ್ಯರ ಮೇಲ್ವಿಚಾರಣೆಯಲ್ಲಿ, ಹಿರಿಯರಿಗೆ ಮತ್ತು ಮಧುಮೇಹ, ಹೃದ್ರೋಗ, ಉಬ್ಬಸವುಳ್ಳವರಿಗೆ ಆ ವರ್ಷದ ಲಸಿಕೆ ಹಾಕಿಸುವ ಒಂದು ಶಿಬಿರವನ್ನು ಸಂಘ ಏರ್ಪಡಿಸಬೇಕು. ಗರ್ಭಿಣಿಯರೂ ಅಗತ್ಯವಾಗಿ ವೈದ್ಯರ ಸಲಹೆ ಕೇಳಬೇಕು. ಹಿಂದಿನ ಲಸಿಕೆಯಿಂದ ತೀವ್ರ ಅಲರ್ಜಿಯಾದವರು ಮೊದಲೇ ತಿಳಿಸಬೇಕು. ಪುಣೆ, ಮುಂಬಯಿಗಳಲ್ಲಿ ಈ ಜ್ವರ ಹೆಚ್ಚುವುದು ಮುಂಗಾರಿನಲ್ಲಿ; ಚೆನ್ನೈ ಕಡೆಯ ಬಂಧುಗಳಿಗೆ ಸಾಮಾನ್ಯವಾಗಿ ಹಿಂಗಾರಿನ ಕಾಲದಲ್ಲಿ. ಅಲ್ಲಿಯ ಸಂಘಗಳು ತಮ್ಮ ತಿಂಗಳನ್ನು ಸ್ಥಳೀಯ ವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಬಹುದು.

ಖರ್ಚಿನ ಮಾತೂ ಉಂಟು. ಸರ್ಕಾರದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ಇದು ಸೇರಿಲ್ಲ. ಆ ವರ್ಷ ನಾನು ಉಳಿಸಿದ್ದು ಹೆಚ್ಚೆಂದರೆ ಎರಡು ಸಾವಿರ ರೂಪಾಯಿ. ಆಸ್ಪತ್ರೆಯ ಬಿಲ್ಲನ್ನು ಇಲ್ಲಿ ಬರೆಯಲಾರೆ. ಅಪ್ಪನ ಉಸಿರಿನ ಬೆಲೆಯನ್ನಂತೂ ಯಾವ ಖಾತೆಯಲ್ಲಿ ಬರೆಯಬೇಕೋ ತಿಳಿಯದು. ನಿವೃತ್ತಿ ವೇತನವಿಲ್ಲದ ಹಿರಿಯರಿಗಾಗಿ ಸಂಘದಲ್ಲಿ ಒಂದು ಚಿಕ್ಕ ನಿಧಿ ಇರಲಿ. ವಿಜ್ಞಾಪನೆಯಿಂದ ಬಂದ ಹಣದಲ್ಲಿ ಅಲ್ಪಭಾಗವನ್ನು ಅದಕ್ಕೆ ತೆಗೆದಿಡಬಹುದು.

ಬದಲಾಗದ ಕಾಂಡದ ಭಾಗವನ್ನೇ ಗುರಿಯಾಗಿಟ್ಟುಕೊಂಡು, ಹಲವು ವರ್ಷ ನಿಲ್ಲುವ ಲಸಿಕೆಯನ್ನು ತಯಾರಿಸಲು ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. ಅದು ಸಿದ್ಧಿಸಿದ ದಿನ ಈ ಲೇಖನವನ್ನು ಸಂತೋಷದಿಂದ ಹಿಂತೆಗೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ದಾಖಲೆ ನವೀಕರಿಸಲೇಬೇಕು.

ಕಾರ್ಯಕಾರಿ ಸಮಿತಿ ಈ ಸೂಚನೆಯನ್ನು ಪರಿಶೀಲಿಸುವುದೆಂದು ನಂಬಿದ್ದೇನೆ. ಹೆಸರುಗಳನ್ನು ಬರೆದುಕೊಳ್ಳುವ, ಲೆಕ್ಕ ಇಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ಶಿಬಿರ ಮಾತ್ರ ಗ್ರಂಥಾಲಯದ ಮಹಡಿಯ ಮೇಲೆ ಬೇಡ, ಕೆಳಗಿನ ಸಭಾಂಗಣದಲ್ಲಿ ನಡೆಯಲಿ. ಪಟ್ಟಿಯಲ್ಲಿ ಮೊದಲ ಹೆಸರು ನನ್ನ ತಂದೆಯವರದು.